ಹುಳಿಯಾದ ಹೊಳೆ

“ಇಷ್ಟು ಹೊತ್ತಿಗಾ ಬರೋದು? ತಗೊಳ್ಳಿ, ಆ ಕೊನೇ ಸಾಲು ನಿಮ್ಮದು.”

ಅವಳು ತಲೆ ಎತ್ತುವಷ್ಟರಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಪೈನ್ ಸಸಿಗಳ ಕಟ್ಟೊಂದು ಕೈಗೆ ಬಂದಾಗಿತ್ತು. ಕೊಟ್ಟವನು ಆಗಲೇ ಬೆನ್ನು ತಿರುಗಿಸಿದ್ದ. ಎತ್ತರದ ಆಳು. ಬೂಟಿನ ತುಂಬ ಕೆಸರು, ಕಿವಿಯ ಮೇಲೊಂದು ಪೆನ್ಸಿಲ್.

ಅವಳು ಕೂಲಿಗೆ ಬಂದವಳಲ್ಲ. ಪಟ್ಟಣದ ನೀರಿನ ಘಟಕದಲ್ಲಿ ಕೆಮಿಸ್ಟ್. ತೋಪಿನ ನಡುವೆ ಹರಿಯುವ ಹೊಳೆಯಿಂದ ನೀರು ತುಂಬಿಕೊಂಡು ಹೋಗಲು ಬಂದಿದ್ದಳು. ಹಾಗಂತ ಹೇಳಿಬಿಡಬಹುದಿತ್ತು. ಆದರೆ ಅವಳೊಳಗಿನ ತುಂಟಿ ಎದ್ದು ಕೂತಿದ್ದಳು. ಬಾಟಲಿಗಳ ಚೀಲವನ್ನು ಮರದ ಬುಡದಲ್ಲಿಟ್ಟು, ಪ್ಯಾಂಟಿನ ಅಂಚು ಮಡಚಿ, ಪಕ್ಕದ ಹೆಂಗಸು ನೆಡುವುದನ್ನು ಓರೆಗಣ್ಣಲ್ಲಿ ನೋಡುತ್ತ ಹೊಳೆಯ ಅಂಚಿನವರೆಗೂ ಒಂದು ಸಾಲು ನೆಟ್ಟೇಬಿಟ್ಟಳು.

ಅವನು ಬಂದು ಒಂದೊಂದು ಸಸಿಯನ್ನೂ ಮೆಲ್ಲಗೆ ಜಗ್ಗಿ ನೋಡಿದ.

“ಬೇರು ಮಡಚಿಲ್ಲ. ನೆಟ್ಟಗೂ ನಿಂತಿದೆ. ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ?”

“ನೀರಿನ ಘಟಕದಲ್ಲಿ. ಈಗಲೂ ಅಲ್ಲೇ ಮಾಡ್ತಿದ್ದೀನಿ.”

“ಅಂದ್ರೆ?”

“ಅಂದ್ರೆ, ನಾನು ಹೊಳೆ ನೀರು ಪರೀಕ್ಷೆ ಮಾಡೋಕೆ ಬಂದವಳು. ನೀವು ಬಾಯಿ ತೆಗೆಯೋಕೇ ಬಿಡ್ಲಿಲ್ಲ.”

ಅವನ ಕಿವಿಗಳು ನಿಧಾನವಾಗಿ ಕೆಂಪಾದವು. ಪೆನ್ಸಿಲ್ ತೆಗೆದು ಜೇಬಿಗಿಟ್ಟ, ಮತ್ತೆ ತೆಗೆದು ಕಿವಿಯ ಮೇಲಿಟ್ಟ. ಹಿಂದೆ ಕೆಲಸದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. “ಉದ್ದಣ್ಣಾ, ಇವರಿಗೂ ಸಂಬಳ ಕೊಡಿಸಪ್ಪಾ!” ಎಂದು ಒಬ್ಬಳು ಕೂಗಿದಳು.

“ಹೇಳ್ಬಾರದಿತ್ತಾ?” ಎಂದ ಅವನು, ನೆಲ ನೋಡುತ್ತ.

“ಹೇಳಿದ್ರೆ ಮರ ನೆಡೋದನ್ನ ನನಗೆ ಯಾರು ಕಲಿಸ್ತಿದ್ರು?” ಅವಳು ಚೀಲ ಹೆಗಲಿಗೇರಿಸಿದಳು. “ಬರ್ತೀನಿ ಉದ್ದಣ್ಣ.”

“ಒಂದು ನಿಮಿಷ.” ಅವನು ಈಗ ಮುಖ ಎತ್ತಿದ. “ಎಲ್ಲರೂ ಹಾಗೆ ಕರೀಲಿ. ನೀವು ಮಾತ್ರ ಅಣ್ಣ ಅನ್ಬೇಡಿ.”

“ಯಾಕಂತೆ?”

“ಸುಮ್ನೆ. ಬೇಡ, ಅಷ್ಟೇ.”

ನೀರು ತುಂಬಿಕೊಳ್ಳಲು ಹೊಳೆಗಿಳಿಯುವಾಗ ಇಳಿಜಾರಿನಲ್ಲಿ ಅವಳ ಕಾಲು ಎರಡು ಸಲ ಜಾರಿತು. ಎರಡು ಸಲವೂ ಅವನು ನೋಡುತ್ತಿರುವುದು ಬೆನ್ನಿಗೇ ತಿಳಿಯಿತು.

ಅವಳನ್ನು ಅಲ್ಲಿಗೆ ಕಳಿಸಿದ್ದು ಘಟಕವಲ್ಲ, ಮಾಮ.

ತಾಯಿಯ ತಮ್ಮ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನು. ತೋಪಿನ ಕೆಳಗೆ, ಹೊಳೆಯ ದಂಡೆಯಲ್ಲೇ ಅವನ ಮನೆ, ಮನೆಯ ಹಿಂದೆ ಸಿಮೆಂಟಿನ ತೊಟ್ಟಿಗಳು. ಹೊಳೆಯ ನೀರನ್ನು ಪೈಪಿನಲ್ಲಿ ತಂದು ತೊಟ್ಟಿಗೆ ಹರಿಸಿ, ಮೀನಿನ ಮೊಟ್ಟೆ ಮರಿ ಮಾಡಿಸಿ, ಮರಿ ಬೆರಳುದ್ದ ಆದಾಗ ಕೆರೆಗಳಲ್ಲಿ ಮೀನು ಸಾಕುವವರಿಗೆ ಕೊಡುವುದು ಅವನ ಕಸುಬು. ಇತ್ತೀಚೆಗೆ ಮರಿಗಳು ಸಾಯತೊಡಗಿದ್ದವು. ಇವತ್ತು ಚುರುಕಾಗಿ ಓಡಾಡಿದ್ದು ನಾಳೆ ಬಾಯಿ ತೆರೆದುಕೊಂಡು ಮೇಲೆ ತೇಲುತ್ತಿದ್ದವು.

“ಚಿನಕುರಳಿ,” ಎಂದಿದ್ದ ಮಾಮ. ಬಾಯಿ ಬಡುಕಿಯಾದ ಅವಳನ್ನು ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದ. “ನಿನ್ನ ಮೀಟರ್ ತಗೊಂಡು ಮೇಲೆ ಹೋಗಿ ಒಂದ್ಸಲ ನೋಡ್ಕೊಂಡು ಬಾರೇ. ನೀರಲ್ಲೇ ಏನೋ ಇದೆ ಅನ್ಸುತ್ತೆ. ನೀನು ಹೇಳಿದ್ರೆ ನಂಬ್ತೀನಿ.”

ಮೊದಲ ದಿನ ನೀರಿನಲ್ಲಿ ಏನೂ ಸಿಗಲಿಲ್ಲ. ಬಿಸಿಲಿತ್ತು, ಹೊಳೆ ತಿಳಿಯಾಗಿತ್ತು. ಎರಡನೆಯ ಸಲ ಹೋದಾಗಲೂ ಅಷ್ಟೇ. ಆದರೂ ಅವಳು ಹೋಗುತ್ತಲೇ ಇದ್ದಳು, ಮತ್ತು ಪ್ರತಿ ಸಲವೂ ಅವನು ಯಾವುದೋ ಕೆಲಸದ ನೆಪದಲ್ಲಿ ಹೊಳೆಯ ಬಳಿಯೇ ಇರುತ್ತಿದ್ದ.

“ಈ ಮರ ಅಳತೆ ಮಾಡ್ಬೇಕಿತ್ತು,” ಎನ್ನುತ್ತಿದ್ದ.

“ಹೋದ ವಾರವೂ ಇದನ್ನೇ ಅಳೆದ್ರಿ.”

“ಬೆಳೆದಿರ್ಬಹುದು.”

ಅವಳು ಬಾಟಲಿ ಮುಳುಗಿಸಲು ಬಗ್ಗಿದರೆ ಅವನು ಬೇರೆ ಕಡೆ ನೋಡುತ್ತಿದ್ದ. ಆದರೆ ಕಲ್ಲಿನಿಂದ ಕಲ್ಲಿಗೆ ದಾಟುವಾಗ ಅವನ ಕೈ ಕೇಳುವ ಮೊದಲೇ ಚಾಚಿಕೊಂಡಿರುತ್ತಿತ್ತು. ಮರದ ಅಂಟು ಹತ್ತಿ ಕಪ್ಪಾದ ಕೈ. ಹಿಡಿದುಕೊಂಡರೆ ಅವಳ ಬೆರಳೂ ಅಂಟುತ್ತಿತ್ತು. “ಸೋಪಿಗೆ ಹೋಗಲ್ಲ,” ಎಂದು ಅವನು ತಪ್ಪು ಮಾಡಿದವನಂತೆ ಹೇಳಿದ. ಅವತ್ತು ಘಟಕದ ಲ್ಯಾಬಿನಲ್ಲಿ ಪದೇ ಪದೇ ಬೆರಳು ಮೂಸಿಕೊಂಡಳು. ಎದುರು ಮೇಜಿನ ಗೆಳತಿ ಹುಬ್ಬು ಹಾರಿಸಿದಾಗ, “ನೆಗಡಿ,” ಎಂದಳು.

ಮಳೆ ಹಿಡಿದ ದಿನ ಇಬ್ಬರೂ ತೋಪಿನ ಶೆಡ್ಡಿನಲ್ಲಿ ಸಿಕ್ಕಿಬಿದ್ದರು. ತಗಡಿನ ಮಾಡಿನ ಮೇಲೆ ನೀರು ಬಡಿಯುತ್ತಿತ್ತು. ಅವನು ಸ್ಟೌ ಮೇಲೆ ಟೀ ಇಟ್ಟಿದ್ದ. ಇದ್ದದ್ದು ಒಂದೇ ಲೋಟ. ಅವಳಿಗೆ ಕೊಟ್ಟು ತಾನು ಪಾತ್ರೆಯಿಂದಲೇ ಕುಡಿದ.

“ಚಿಕ್ಕೋನಿದ್ದಾಗ ಈ ಗುಡ್ಡದ ಮೇಲೆ ಒಂದು ಮರ ಇರ್ಲಿಲ್ಲ,” ಎಂದ. “ಒಂದು ಮಳೆಗಾಲ ಗುಡ್ಡ ಜಾರಿ ನಮ್ಮನೆ ಹೊಸ್ತಿಲ ತನಕ ಮಣ್ಣು ಬಂದು ನಿಂತಿತ್ತು. ಅಪ್ಪನಿಗೆ ಬಾಗಿಲು ತೆಗೆಯೋಕೂ ಆಗಿರ್ಲಿಲ್ಲ. ದೊಡ್ಡೋನಾದ್ಮೇಲೆ ಈ ತೋಪಿನ ಕಂಪನಿ ಸೇರ್ದೆ, ನೆಟ್ಟೆ. ಇಲ್ಲಿರೋ ಸಾಲುಗಳೆಲ್ಲ ನಾನು ನಿಂತು ಹಾಕಿಸಿದ್ದು. ಈಗ ಮಣ್ಣು ಕದಲಲ್ಲ. ನನ್ನ ಜೀವನದಲ್ಲಿ ಹೇಳ್ಕೊಳ್ಳೋ ಹಾಗಿರೋದು ಇದೊಂದೇ.” ಪಾತ್ರೆಯೊಳಗೆ ನೋಡುತ್ತ ಸೇರಿಸಿದ. “ಇನ್ನೊಂದು ಇದ್ರೆ ಚೆನ್ನಾಗಿತ್ತು ಅಂತ ಈಚೆಗೆ ಅನ್ಸುತ್ತೆ.”

ಅವಳಿಗೆ ಏನು ಮಾಡಬೇಕೋ ತೋಚದೆ, ಶೆಡ್ಡಿನ ಪಕ್ಕದಲ್ಲೇ ಭೋರ್ಗರೆಯುತ್ತಿದ್ದ ಹೊಳೆಯಿಂದ ಒಂದು ಬಾಟಲಿ ನೀರು ಮೊಗೆದು ತಂದು ಮೀಟರಿನ ಕಡ್ಡಿ ಅದ್ದಿದಳು.

ಏಳರ ಹತ್ತಿರ ಇರಬೇಕಾದ ಅಂಕಿ ಐದಕ್ಕಿಂತ ಕೆಳಗಿಳಿದು ಅಲ್ಲೇ ನಿಂತಿತು. ಅಂಕಿ ಇಳಿದಷ್ಟೂ ನೀರಿನಲ್ಲಿ ಆಮ್ಲದ ಹುಳಿ ಹೆಚ್ಚು.

ಅವಳಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕಾಲೇಜಿನಲ್ಲಿ ಓದಿದ್ದೇ. ಪೈನಿನ ಸೂಜಿ ಎಲೆಗಳು ಗಾಳಿಯಲ್ಲಿ ಬರುವ ಹೊಗೆಯ ಹುಳಿಯನ್ನೆಲ್ಲ ಬಾಚಿಕೊಳ್ಳುತ್ತವೆ. ಮಳೆ ಅದನ್ನು ತೊಳೆದು ನೆಲಕ್ಕಿಳಿಸುತ್ತದೆ. ಆ ಹುಳಿ ತಾಗಿದರೆ ಮಣ್ಣಿನಲ್ಲಿ ತೆಪ್ಪಗಿದ್ದ ಅಲ್ಯೂಮಿನಿಯಂ ಕರಗುತ್ತದೆ. ಸಸಿ ನೆಡುವಾಗ ತೋಡಿದ ಚರಂಡಿಗಳು ಆ ನೀರನ್ನು ಇಂಗಲು ಬಿಡದೆ ನೇರ ಹೊಳೆಗೆ ತಂದು ಸುರಿಯುತ್ತವೆ. ಅದು ಮೀನುಮರಿಯ ಕಿವಿರಿಗೆ ಅಂಟಿದರೆ ಮರಿ ನೀರಿನೊಳಗಿದ್ದೇ ಉಸಿರುಗಟ್ಟುತ್ತದೆ. ಮಳೆ ನಿಂತ ಮೇಲೆ ಬಂದು ನೋಡಿದರೆ ಹೊಳೆ ಮತ್ತೆ ತಿಳಿ. ಪಟ್ಟಣದ ಘಟಕದಲ್ಲಿ ಸುಣ್ಣ ಹಾಕಿ ನೀರನ್ನು ಸರಿಮಾಡುತ್ತಾರೆ, ಹಾಗಾಗಿ ಊರಿಗೆ ಗೊತ್ತೇ ಆಗುವುದಿಲ್ಲ. ಮಾಮನ ತೊಟ್ಟಿಗೆ ಮಾತ್ರ ಹೊಳೆ ಇದ್ದಂತೆಯೇ ಬರುತ್ತದೆ.

“ಏನಂತೆ ನನ್ನ ಹೊಳೆ?” ಎಂದು ಅವನು ಪಕ್ಕಕ್ಕೆ ಬಂದು ಬಗ್ಗಿದ. ಅವನ ಭುಜ ಅವಳ ಭುಜಕ್ಕೆ ತಾಗಿತು. ಮುಖದಲ್ಲಿ ಮಗುವಿನ ಫೋಟೊ ತೋರಿಸುವವರ ಹೆಮ್ಮೆ.

ಅವಳು ಮೀಟರ್ ಆಫ್ ಮಾಡಿದಳು.

“ಅಂಕಿ ನಿಲ್ತಾನೇ ಇಲ್ಲ. ಮಳೇಲಿ ಇದಕ್ಕೂ ಶೀತ.”

ಅವನು ನಕ್ಕ. ಅವಳೂ ನಕ್ಕಳು. ಎಷ್ಟು ಸಲೀಸಾಗಿ ನಗು ಬಂತೆಂದು ಮನೆಗೆ ಬಂದ ಮೇಲೆ ಕನ್ನಡಿಯ ಮುಂದೆ ನಿಂತಾಗ ಅವಳಿಗೆ ಹೇಸಿಗೆಯಾಯಿತು.

ಮಾಮ ಅಡುಗೆಮನೆಯ ಬಾಗಿಲಲ್ಲೇ ಕಾದಿದ್ದ. “ಏನಾದ್ರೂ ಸಿಕ್ತಾ?”

ಹೇಳಬೇಕೆಂದೇ ಬಾಯಿ ತೆರೆದಳು. ಆದರೆ ಮಾಮನಿಗೆ ಹೇಳಿದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಎಲ್ಲರೂ ತೋಪಿನ ಕಡೆ ಬೆರಳು ತೋರಿಸುತ್ತಾರೆ, ತೋಪಿನವನ ಆ ಹೆಮ್ಮೆಯ ಮುಖ ಏನಾಗಬಹುದು? ಒಂದೇ ಸಲ ಅಳೆದದ್ದು ಅಳತೆಯೇ ಅಲ್ಲ, ಇನ್ನೊಮ್ಮೆ ನೋಡಿ ಹೇಳಿದರಾಯಿತು ಎಂದು ತನಗೆ ತಾನೇ ಸಬೂಬು ಹೇಳಿಕೊಂಡಳು.

“ಮೇಲಿನ ನೀರಲ್ಲಿ ಏನೂ ಇಲ್ಲ ಮಾಮ.” ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ತೊಟ್ಟಿಗಳನ್ನೇ ಒಂದ್ಸಲ ಸರಿಯಾಗಿ ತೊಳೆದು ನೋಡು.”

ಮಾಮ ಅರೆಕ್ಷಣ ತಬ್ಬಿಬ್ಬಾದ. ಅವನ ತೊಟ್ಟಿಗಳ ಶುಚಿಯನ್ನು ನೋಡಲೆಂದೇ ಬೇರೆ ಊರಿನ ಮೀನು ಸಾಕಣೆಯವರು ಬರುತ್ತಿದ್ದರು. “ಹೌದಾ?” ಎಂದ ಮೆಲ್ಲಗೆ. “ಇರ್ಬಹುದು. ವಯಸ್ಸಾಯ್ತಲ್ಲ, ಕಣ್ಣಿಗೆ ಕಾಣದೇ ಎಲ್ಲೋ ಕೊಳೆ ಉಳಿಸಿರ್ತೀನಿ.”

ಮರುದಿನದಿಂದ ಅವನು ತೊಟ್ಟಿಗಿಳಿದ. ಮೊಣಕಾಲೂರಿ, ಬ್ರಷ್ ಹಿಡಿದು, ಮೂಲೆ ಮೂಲೆ ಉಜ್ಜಿದ. ಅಂಗೈ ಒಡೆಯಿತು. “ಮದುವೆಯಾದಾಗಿನಿಂದ ನನ್ನ ಪಾತ್ರೆ ಒಂದು ದಿನ ಉಜ್ಜಿಲ್ಲ ಈ ಮಹಾರಾಯ,” ಎಂದು ಅತ್ತೆ ಮೊದಲು ಗೊಣಗಿದಳು. ಆಮೇಲೆ ಗೊಣಗುವುದನ್ನೂ ಬಿಟ್ಟು, ಸಂಜೆ ಅವನ ಕೈಗೆ ಎಣ್ಣೆ ಸವರತೊಡಗಿದಳು. ಮೆಟ್ಟಿಲ ಮೇಲಿಂದ ಅದನ್ನು ನೋಡಿದವಳೇ ಅವಳು ಊಟ ಬೇಡವೆಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಕ್ಕಿಂತ ಕಷ್ಟದ್ದು ಇನ್ನೂ ಬರುವುದಿತ್ತು. ಮರಿ ಒಯ್ಯಲು ಬಂದ ಮೀನು ಸಾಕಣೆ ಸಂಘದವರ ಮುಂದೆ ಮಾಮ ಕೈ ಮುಗಿದುಕೊಂಡು ನಿಂತಿದ್ದ. “ಈ ಸಲ ಕೊಡೋಕೆ ಆಗ್ತಿಲ್ಲ. ನನ್ನದೇ ಗಲೀಜು. ನಮ್ಮ ಹುಡುಗಿ ನೋಡಿ ಹೇಳಿದ್ಲು, ಇಲ್ದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ.” ಅವಳ ಕಡೆ ತಿರುಗಿ ಅಭಿಮಾನದಿಂದ ನಕ್ಕ. ಸಂಘದವರೂ ನಕ್ಕರು. ಆ ನಗುವಿನ ನಡುವೆ ನಿಲ್ಲಲಾಗದೆ, ನೆಲ ಬಾಯಿ ಬಿಡಬಾರದೇ ಅನ್ನಿಸಿ, ಅವಳು ಚಪ್ಪಲಿ ಹುಡುಕುವವಳಂತೆ ಬಗ್ಗಿಬಿಟ್ಟಳು.

ಹೇಳಬೇಕು, ನಾಳೆ ಹೇಳಬೇಕು ಎಂದುಕೊಳ್ಳುತ್ತಲೇ ದಿನ ಕಳೆದಳು. ತೋಪಿಗೆ ಹೋಗುವುದನ್ನು ನಿಲ್ಲಿಸಿದಳು. ಅವನ ಫೋನ್ ಬಂದರೆ ಕೆಲಸವಿದೆ ಎಂದಳು. ಅವನಿಗೆ ಏನನ್ನಿಸಿತೋ, ಒಂದು ಭಾನುವಾರ ಮಧ್ಯಾಹ್ನ ಜಿಟಿಜಿಟಿ ಮಳೆಯಲ್ಲಿ ಬೂಟು ತೊಳೆದು, ಇಸ್ತ್ರಿ ಹಾಕಿದ ಶರ್ಟು ತೊಟ್ಟು ಮನೆಬಾಗಿಲಿಗೇ ಬಂದ.

“ಯಜಮಾನ್ರೇ, ನಾನು ಮೇಲಿನ ತೋಪಿನ ಮ್ಯಾನೇಜರ್. ನಿಮ್ಮ ಸೊಸೆ... ಅಂದ್ರೆ ನಿಮ್ಮ ಅಕ್ಕನ ಮಗಳ ವಿಷಯ...” ಅಷ್ಟಕ್ಕೇ ಕಿವಿ ಕೆಂಪಾಗಿ ಮಾತು ನಿಂತಿತು.

ಅತ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೆ ಟೀ ಇಡಲು ಓಡಿದಳು. ಮಾಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಲೆ ಬಾಗಿಸ್ಕೊಂಡು ಬಾರಪ್ಪ, ನಮ್ಮ ಬಾಗಿಲು ಗಿಡ್ಡ,” ಎಂದ. ಅಷ್ಟರಲ್ಲಿ ಮಳೆ ಜೋರಾಯಿತು. ಮಾಮನ ಕಣ್ಣು ಹಿತ್ತಲಿನ ಕಡೆ ಹೋಯಿತು. “ಬಾ, ಮೊದಲು ನನ್ನ ತೊಟ್ಟಿ ತೋರಿಸ್ತೀನಿ. ಹೊಸಾ ಮರಿ ಬಿಟ್ಟಿದ್ದೀನಿ. ಈಗ ಬೇಕಾದ್ರೆ ನೆಕ್ಕಬಹುದು, ಅಷ್ಟು ಶುಚಿ.”

ಅವಳೂ ಸೇರಿ ಮೂವರೂ ಹಿತ್ತಲಿಗೆ ಹೋದರು. ಪೈಪಿನಿಂದ ಚಹಾದ ಬಣ್ಣದ ನೀರು ಬೀಳುತ್ತಿತ್ತು. ಮರಿಗಳು ಪೈಪಿನಿಂದ ದೂರ ಓಡಿ, ತೊಟ್ಟಿಯ ಆಚೆ ಮೂಲೆಯಲ್ಲಿ ಒತ್ತೊತ್ತಾಗಿ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದವು. ನೋಡನೋಡುತ್ತಲೇ ಒಂದು ಮರಿ ಮಗ್ಗುಲಿಗೆ ವಾಲಿತು. ಆಮೇಲೆ ಇನ್ನೊಂದು.

“ಇಲ್ಲ,” ಎಂದ ಮಾಮ. “ಇಲ್ಲ ಇಲ್ಲ. ಉಜ್ಜಿದ್ದೀನಲ್ಲ, ಎಲ್ಲಾ ಉಜ್ಜಿದ್ದೀನಲ್ಲ.” ನೀರಿಗೆ ಕೈ ಹಾಕಿ ಮರಿಗಳನ್ನು ಬೊಗಸೆಯಲ್ಲಿ ಎತ್ತಿಕೊಂಡ. ಎಲ್ಲಿಗೆ ಒಯ್ಯಬೇಕೋ ತಿಳಿಯದೆ ಹಾಗೇ ನಿಂತ.

ತೋಪಿನವನು ಪೈಪಿನ ನೀರನ್ನೇ ನೋಡುತ್ತಿದ್ದ. “ಮಳೆ ಬಂದಾಗಲೇ ಹೀಗಾಗುತ್ತಾ?” ಎಂದು ಕೇಳಿದ.

“ಹೌದಪ್ಪ, ಮಳೆ ಬಂದಾಗಲೇ.”

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. “ಅವತ್ತು ಶೆಡ್ಡಲ್ಲಿ ಮೀಟರ್ ನಿಜವಾಗಿ ಏನು ತೋರಿಸ್ತು?”

ಮಾಮನ ಬೊಗಸೆಯಿಂದ ನೀರು ಸೋರುತ್ತಿತ್ತು. ಇನ್ನೊಂದು ಸುಳ್ಳು ಅವಳ ನಾಲಿಗೆಯ ತುದಿಯವರೆಗೂ ಬಂತು. ಅದು ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಭಯವಾಯಿತು.

“ಐದಕ್ಕಿಂತ ಕಮ್ಮಿ. ಹುಳಿ ನೀರು. ತೋಪಿಂದಾನೇ ಬರ್ತಿದೆ. ನನಗೆ ಅವತ್ತೇ ಗೊತ್ತಾಯ್ತು.” ಮಾಮನ ಕಡೆ ತಿರುಗಿದಳು. “ತೊಟ್ಟಿ ಯಾವತ್ತೂ ಕೊಳಕಾಗಿರ್ಲಿಲ್ಲ ಮಾಮ. ನಾನು ಸುಳ್ಳು ಹೇಳ್ದೆ.”

ಮಾಮ ಬೊಗಸೆಯನ್ನು ಮತ್ತೆ ತೊಟ್ಟಿಗೆ ಇಳಿಸಿದ. ಬೈಯಲಿಲ್ಲ. ಒಡೆದ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡು, ಅವಳ ಮುಖ ನೋಡದೆ, “ಯಾಕೆ?” ಎಂದ.

“ಇವರು... ಈ ತೋಪು ಇವರದು. ಇವರಿಗೆ ನೋವಾಗುತ್ತೆ ಅಂತ.”

“ನನಗೋಸ್ಕರನಾ?” ತೋಪಿನವನ ದನಿ ಏರಲಿಲ್ಲ, ಇಳಿಯಿತು. “ನಿಜ ಹೇಳಿದ್ರೆ ಈ ಮನುಷ್ಯ ತಡ್ಕೊಳ್ಳಲ್ಲ, ಇವನಿಗೆ ಸುಳ್ಳೇ ಸಾಕು ಅಂದ್ಕೊಂಡ್ರಾ? ಅಷ್ಟು ಸಣ್ಣೋನಾ ನಾನು?”

ಅವನು ಮಾಮನಿಗೆ ಕೈ ಮುಗಿದು ಮಳೆಯಲ್ಲೇ ಹೊರಟುಹೋದ. ಅತ್ತೆ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಾಮ ಅವಳನ್ನು ಚಿನಕುರಳಿ ಎನ್ನುವುದನ್ನು ಬಿಟ್ಟ. “ಊಟ ಆಯ್ತಾ?” ಎಂದು ಮಾತ್ರ ಕೇಳುತ್ತಿದ್ದ, ಬಾಡಿಗೆಗಿರುವವರನ್ನು ಕೇಳುವಂತೆ.

ಅವಳು ಮಾಡಬಹುದಾದದ್ದನ್ನು ಮಾಡಿದಳು. ಸಂಘದ ಸಭೆಗೆ ಹೋಗಿ, ಹಿಂದಿನ ಬೆಂಚಿನಿಂದ ಎದ್ದು ನಿಂತು, “ನಮ್ಮ ಮಾಮ ನಿಮ್ಮ ಮುಂದೆ ತಪ್ಪೊಪ್ಪಿಕೊಂಡ್ರಲ್ಲ, ಅದು ಅವರ ತಪ್ಪಲ್ಲ. ಕೆಟ್ಟಿರೋದು ಹೊಳೆ ನೀರು. ಗೊತ್ತಿದ್ದೂ ಮುಚ್ಚಿಟ್ಟೋಳು ನಾನು,” ಎಂದಳು. ಹಿಂದೆ ನಕ್ಕಿದ್ದ ಮುಖಗಳು ಈಗ ನಗಲಿಲ್ಲ. ಒಬ್ಬರು, “ಓದಿದ ಹುಡುಗಿ, ಹೀಗಾ ಮಾಡೋದು?” ಎಂದರು. ಅವಳು ಆ ಮಾತನ್ನು ನಿಂತೇ ಕೇಳಿಸಿಕೊಂಡಳು. ಘಟಕದ ಮೇಲಧಿಕಾರಿಗೂ ಹೇಳಿದಳು. ಅವರು ಪ್ರತಿ ಮಳೆಗೂ ಹೊಳೆ ಅಳೆಯಲು ಬೇರೆಯವರನ್ನು ನೇಮಿಸಿದರು. ಅವಳಿಗೆ ಲ್ಯಾಬಿನ ಬಾಟಲಿ ತೊಳೆಯುವ ಕೆಲಸ ಬಂತು. ತೊಳೆದಳು.

ಒಂದು ಬೆಳಿಗ್ಗೆ ಅತ್ತೆ ಅವಳ ತಟ್ಟೆಗೆ ಬಡಿಸುತ್ತ ಹೇಳಿದಳು, “ನಿಮ್ಮ ಮಾಮ ದಿನಾ ಎಲ್ಲಿ ಹೋಗ್ತಿದ್ದಾರೆ ಗೊತ್ತಾ? ತೋಪಿಗೆ.”

“ತೋಪಿಗಾ? ಯಾಕೆ?”

“ಆ ಉದ್ದದ ಹುಡುಗ ನಿಮ್ಮ ಘಟಕದವರನ್ನ ಕೇಳ್ಕೊಂಡು ಹೊಳೆ ದಂಡೇಲಿರೋ ತನ್ನ ಮರಗಳನ್ನೇ ಕಡಿಸ್ತಿದ್ದಾನಂತೆ. ಚರಂಡಿಗಳಿಗೆ ಅಡ್ಡ ಕಟ್ಟಿಸ್ತಿದ್ದಾನಂತೆ, ನೀರು ನಿಂತು ಮಣ್ಣಲ್ಲಿ ಇಂಗಲಿ ಅಂತ. ಕಂಪನಿಯವರು ಕೂಗಾಡಿ ಒಪ್ಪಿದ್ರಂತೆ, ಆದ್ರೆ ಅವನನ್ನ ಮ್ಯಾನೇಜರ್ ಕೆಲಸದಿಂದ ಇಳಿಸಿದ್ದಾರೆ. ಇವರು ಕಲ್ಲು ಹೊರೋಕೆ ಹೋಗ್ತಾರೆ. ಮಧ್ಯೆ ಇಬ್ರೂ ಕೂತು ನಿನ್ನ ಬೈಕೋತಾರಂತೆ. ಒಳ್ಳೇ ಜೋಡಿ ಆಗಿದ್ದಾರೆ.” ಅತ್ತೆ ಅವಳ ಮುಖ ನೋಡಿದಳು. “ಬೈಯೋರು ಮರೆತಿಲ್ಲ ಅಂತ ಅರ್ಥ ಕಣೇ. ಹೋಗು.”

ಹೋದಳು. ದಂಡೆಯ ಉದ್ದಕ್ಕೂ ಹೊಸದಾಗಿ ಕಡಿದ ಬುಡಗಳು. ಅಷ್ಟು ವರ್ಷ ನೆರಳಿನಲ್ಲೇ ಇದ್ದ ಹೊಳೆಯ ಮೇಲೆ ಬಿಸಿಲು ಬಿದ್ದಿತ್ತು. ಇಬ್ಬರು ಗಂಡಸರೂ ಮೊಣಕಾಲು ಮಟ್ಟ ಕೆಸರಿನಲ್ಲಿ ಒಂದು ಚರಂಡಿಗೆ ಮರದ ದಿಮ್ಮಿ ಅಡ್ಡ ಹಾಕುತ್ತಿದ್ದರು. ಅವಳನ್ನು ಕಂಡು ತೋಪಿನವನು ದಿಮ್ಮಿಯ ಕಡೆಗೇ ಬಗ್ಗಿದ.

“ನಿಂತ್ಕೊಂಡು ನೋಡೋಕೆ ಬಂದ್ಯಾ?” ಎಂದ ಮಾಮ. “ಕಲ್ಲು ಎತ್ಕೊಡು.”

ಅವಳು ಕಲ್ಲು ಎತ್ತಿ ಕೊಟ್ಟಳು. ಮಾಮ ತೆಗೆದುಕೊಂಡ. ಮಧ್ಯಾಹ್ನದವರೆಗೂ ಹಾಗೇ ನಡೆಯಿತು. ಅವಳ ಉಗುರು ಮುರಿಯಿತು, ಬೆನ್ನು ಹಿಡಿದುಕೊಂಡಿತು. ಯಾರೂ ಸಾಕು ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಬಿಸಿಲು ಏರಿದಾಗ ಮಾಮ, “ನನಗೆ ಸೊಂಟ ಹೋಯ್ತು. ಉಳಿದ ಕಲ್ಲು ನೀವೇ ಇಡಿ,” ಎಂದು ಮೇಲೆ ಶೆಡ್ಡಿನ ಕಡೆ ಹೋದ. ಅವನ ಸೊಂಟಕ್ಕೆ ಏನೂ ಆಗಿಲ್ಲವೆಂದು ನಡಿಗೆಯೇ ಹೇಳುತ್ತಿತ್ತು.

ಇಬ್ಬರೇ ಉಳಿದರು.

“ನಿಮ್ಮ ಮುಖ ನೋಡೋಕೂ ನಾಚಿಕೆಯಾಗ್ತಿದೆ,” ಎಂದಳು ಅವಳು. “ನಿಮ್ಮನ್ನ ಸಣ್ಣೋರು ಅಂದ್ಕೊಂಡಿರ್ಲಿಲ್ಲ. ಸಣ್ಣೋಳು ನಾನೇ. ಆ ಶೆಡ್ಡು, ಆ ಮಳೆ, ಅದು ಹಾಗೇ ಇರ್ಲಿ ಅಂತ ಆಸೆಯಾಯ್ತು. ಅದಕ್ಕೆ ಮಾಮನ ಕೈ ಒಡೀಬೇಕಾಯ್ತು.”

ಅವನು ಕೆಸರಿನಿಂದ ಕಾಲು ಕಿತ್ತು ಒಂದು ಬುಡದ ಮೇಲೆ ಕೂತ.

“ನನಗೇನು ಇಲ್ವಾ ನಾಚಿಕೆ? ಮರ ಎತ್ತರ ಆಗ್ತಾ ಆಗ್ತಾ ಹೊಳೇಲಿ ಕಪ್ಪೆ ಕೂಗೋದು ನಿಂತೋಯ್ತು. ಕಲ್ಲು ಎತ್ತಿದ್ರೆ ಒಂದು ಹುಳ ಇರ್ತಿರ್ಲಿಲ್ಲ. ದಿನಾ ಇಲ್ಲೇ ಓಡಾಡ್ತಿದ್ದೆ. ಯಾಕೆ ಅಂತ ಒಂದು ದಿನ ಕೇಳ್ಲಿಲ್ಲ. ಕೇಳಿದ್ರೆ ಉತ್ತರ ಸಿಗುತ್ತೆ ಅಂತ ಹೆದರಿಕೆ ಇತ್ತೇನೋ. ನೀವು ಮೀಟರ್ ಆಫ್ ಮಾಡಿದ್ರಿ. ನಾನು ಆನ್ ಮಾಡಿರಲೇ ಇಲ್ಲ. ಅವತ್ತು ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ಹೋದ್ನಲ್ಲ, ದಾರಿ ಅರ್ಧಕ್ಕೇ ಗೊತ್ತಾಯ್ತು, ಅರ್ಧ ಸಿಟ್ಟು ನನ್ನ ಮೇಲೇನೇ ಅಂತ.”

ಅವಳು ಇನ್ನೊಂದು ಕಲ್ಲು ಎತ್ತಿ ಚರಂಡಿಯ ಅಂಚಿಗೆ ಇಟ್ಟಳು.

“ಇಲ್ಲಿ ಅಗಲ ಎಲೆ ಮರ ಹಾಕ್ತೀವಿ,” ಎಂದು ಅವನು ಬುಡಗಳನ್ನು ತೋರಿಸಿದ. “ಮೇಲಿನ ಮರ ಹಾಗೇ ಇರುತ್ತೆ, ಗುಡ್ಡ ಹಿಡ್ಕೊಳ್ಳೋಕೆ ಬೇಕು. ಹೊಳೆ ಪೂರ್ತಿ ಸರಿಹೋಗೋಕೆ ಎಷ್ಟು ವರ್ಷ ಬೇಕು? ನನಗೆ ಸಮಾಧಾನ ಆಗ್ಲಿ ಅಂತ ಹೇಳ್ಬೇಡಿ.”

ಅವಳು ಯೋಚಿಸಿದಳು. “ನಿಜವಾಗಿ ಗೊತ್ತಿಲ್ಲ. ಮಣ್ಣಿನ ಹುಳಿ ಬೇಗ ಹೋಗಲ್ಲ. ಮತ್ತೆ ಕಪ್ಪೆ ಕೂಗೋ ಹೊತ್ತಿಗೆ ನಾವು ಮುದುಕರಾಗಿರ್ತೀವಿ.”

“ನಾವು?”

ಏನು ಹೇಳಿಬಿಟ್ಟೆನೆಂದು ಅವಳಿಗೆ ಆಗ ತಿಳಿಯಿತು. ಇಷ್ಟು ದಿನ ಎದೆಯಲ್ಲಿ ಕಲ್ಲಿನಂತೆ ಕೂತಿದ್ದ ನಾಚಿಕೆಯೇ ಬೇರೆ, ಈಗ ಕುತ್ತಿಗೆಯಿಂದ ಕೆನ್ನೆಗೆ ಬೆಚ್ಚಗೆ ಏರಿದ ನಾಚಿಕೆಯೇ ಬೇರೆ. ಮೊದಲನೆಯದು ಹೋಗಿರಲಿಲ್ಲ, ಹೋಗುವಂತೆಯೂ ಇರಲಿಲ್ಲ. ಆದರೂ ಅದರ ಪಕ್ಕದಲ್ಲಿ ಇದಕ್ಕೂ ಜಾಗ ಸಿಕ್ಕಿತು.

“ನಾವು,” ಎಂದಳು, ಈ ಸಲ ಅವನ ಮುಖವನ್ನೇ ನೋಡುತ್ತ.

ಅವನು ಎದ್ದು ಮತ್ತೆ ಚರಂಡಿಗಿಳಿದು, ಅವಳಿಗೂ ನಿಲ್ಲಲು ಜಾಗ ಬಿಟ್ಟುಕೊಟ್ಟ. ಅವಳು ಕೆಸರಿಗೆ ಕಾಲಿಟ್ಟು, ದಿಮ್ಮಿಯ ಇನ್ನೊಂದು ತುದಿ ಹಿಡಿದಳು.